ಹಬ್ಬದ ಉಡುಗೊರೆ, ಡೀಲರ್ ಸ್ಕೀಮು, ಮಾದರಿ ಪೊಟ್ಟಣ: ಬಿಲ್ಲು ಹೇಗಿರಬೇಕು, ತೆರಿಗೆ ಯಾರ ಪಾಲಿಗೆ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಊದುಬತ್ತಿ ತಯಾರಿಸುವ ಪಾಲುದಾರಿಕೆ ಸಂಸ್ಥೆ. ಮಂಡ್ಯ, ಮದ್ದೂರು, ಪಾಂಡವಪುರ, ನಂಜನಗೂಡುಗಳಲ್ಲಿ ವಿತರಕರಿದ್ದಾರೆ. 2025ರ ಆಯುಧಪೂಜೆಗೆ ಕೆಲಸಗಾರರಿಗೂ ವಿತರಕರಿಗೂ ಒಟ್ಟು 200 ಗೋಡೆ ಗಡಿಯಾರ ಹಂಚಿದೆವು. ಒಂದರ ಬೆಲೆ 500 ರೂ., ಅದರ ಮೇಲೆ ಶೇ. 18 ಜಿಎಸ್‌ಟಿ. ಆ ತೆರಿಗೆಗೆ ನಮ್ಮ ಲೆಕ್ಕಿಗರು ಕ್ರೆಡಿಟ್ (ಕೊಳ್ಳುವಾಗ ತೆತ್ತದ್ದನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಹಕ್ಕು) ಪಡೆದಿದ್ದಾರೆ, ಇದು ಸರಿಯೇ? ಹತ್ತು ಬಾಕ್ಸ್ ಕೊಂಡವರಿಗೆ ಒಂದು ಬಾಕ್ಸ್ ಉಚಿತ ಎಂಬ ಸ್ಕೀಮಿನ ಉಚಿತ ಬಾಕ್ಸನ್ನು ಬಿಲ್ಲಿನಲ್ಲಿ ಸೊನ್ನೆಗೆ ಬರೆಯಬೇಕೋ, ಒಂದು ರೂಪಾಯಿಗೋ? ಅಂಗಡಿಗಳಿಗೆ ಕೊಡುವ ಮಾದರಿ ಪೊಟ್ಟಣ, ಕ್ಯಾಲೆಂಡರ್, ಸ್ಟ್ಯಾಂಡುಗಳ ಲೆಕ್ಕ ಹೇಗೆ? ವರ್ಷದ ಗುರಿ ಮುಟ್ಟಿದ ಇಬ್ಬರು ವಿತರಕರಿಗೆ ಸ್ಕೂಟರ್ ಕೊಡಬೇಕೆಂದಿದ್ದೇವೆ. ಅದಕ್ಕೇನಾದರೂ ತೆರಿಗೆ ಉಂಟೇ?

ಉತ್ತರ: ನೀವು ಕೇಳಿರುವ ಎಲ್ಲವೂ ಒಂದು ವಿಚಾರದ ಮೇಲೆ ನಿಂತಿವೆ. ಕೊಟ್ಟ ವಸ್ತುವಿನ ಬೆಲೆ, ನೀವು ಮಾರಿದ ಮತ್ತೊಂದು ಸರಕಿನ ಬೆಲೆಯಲ್ಲಿ ಸೇರಿ ನಿಮಗೆ ವಾಪಸು ಬಂದಿದೆಯೇ, ಇಲ್ಲವೇ? ಬಂದಿದ್ದರೆ ಅದು ಮಾರಾಟದ ಭಾಗ. ಅದರ ಮೇಲಿನ ತೆರಿಗೆ ಮಾರಾಟದ ತೆರಿಗೆಯೊಳಗೇ ಅಡಕವಾಗಿರುತ್ತದೆ, ಕೊಳ್ಳುವಾಗ ತೆತ್ತ ತೆರಿಗೆಯ ಕ್ರೆಡಿಟ್ ನಿಮ್ಮಲ್ಲೇ ಉಳಿಯುತ್ತದೆ. ಬಂದಿಲ್ಲವಾದರೆ ಅದು ಉಡುಗೊರೆ ಅಥವಾ ಉಚಿತ ಮಾದರಿ. ಕೊಡುವಾಗ ತೆರಿಗೆ ಕಟ್ಟಬೇಕಿಲ್ಲ, ಆದರೆ ಕೊಳ್ಳುವಾಗ ತೆತ್ತದ್ದನ್ನು ಕ್ರೆಡಿಟ್ ಆಗಿ ಪಡೆಯುವಂತಿಲ್ಲ. ಕೊಡುವಾಗಲೂ ತೆರಿಗೆ ಇಲ್ಲ, ಕೊಂಡಾಗಿನ ಕ್ರೆಡಿಟ್ಟೂ ಬೇಕು ಎಂಬ ಮೂರನೆಯ ದಾರಿಯನ್ನು ಕಾನೂನು ಇಟ್ಟಿಲ್ಲ. ವ್ಯಾಪಾರಿಗಳು ನೋಟಿಸ್ ಪಡೆಯುವುದು ಬಹುಮಟ್ಟಿಗೆ ಆ ಮೂರನೆಯ ದಾರಿಯಲ್ಲಿ ನಡೆದಾಗ. ಕೆಳಗಿನ ವಿವರಣೆ 2025-26ನೇ ಆರ್ಥಿಕ ವರ್ಷಕ್ಕೆ ಅನ್ವಯಿಸುವ ನಿಯಮಗಳನ್ನು ಆಧರಿಸಿದೆ.

ಮೊದಲು ಗಡಿಯಾರಗಳ ವಿಷಯ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ 2017ರ ಕಲಂ 17(5)(ಎಚ್), ಕಳೆದುಹೋದ, ಕಳುವಾದ, ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಸರಕುಗಳ ಜೊತೆಗೆ ಉಡುಗೊರೆಯಾಗಿ ಅಥವಾ ಉಚಿತ ಮಾದರಿಯಾಗಿ ವಿಲೇವಾರಿ ಮಾಡಿದ ಸರಕುಗಳಿಗೂ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗದೆಂದು ನೇರವಾಗಿ ಹೇಳುತ್ತದೆ. ವ್ಯಾಪಾರದ ಬೆಳವಣಿಗೆಗಾಗಿಯೇ ಕೊಟ್ಟೆವು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ವ್ಯಾಪಾರಕ್ಕಾಗಿ ಬಳಸಿದ್ದಕ್ಕೆ ಕ್ರೆಡಿಟ್ ಉಂಟು ಎನ್ನುವ ಕಲಂ 16(1)ರಲ್ಲಿ ಏನೇ ಇದ್ದರೂ ಎಂಬ ಮಾತಿನಿಂದಲೇ ಕಲಂ 17(5) ಆರಂಭವಾಗುತ್ತದೆ. ಆದ್ದರಿಂದ ಒಂದು ಲಕ್ಷ ರೂಪಾಯಿಯ ಗಡಿಯಾರಗಳ ಮೇಲೆ ಪಡೆದ 18,000 ರೂ. ಕ್ರೆಡಿಟನ್ನು ನೀವು ಹಿಂದಿರುಗಿಸಲೇಬೇಕು. ಗಡಿಯಾರ ಕೆಲಸಗಾರರಿಗೆ ಹೋಯಿತೋ ವಿತರಕರಿಗೆ ಹೋಯಿತೋ ಎಂಬುದು ಈ ಒಂದು ವಿಷಯದ ಮಟ್ಟಿಗೆ ಅಪ್ರಸ್ತುತ.

ಕೆಲಸಗಾರರ ವಿಷಯದಲ್ಲಿ ಹಲವರು ಎರಡು ನಿಯಮಗಳನ್ನು ಒಂದರೊಳಗೊಂದು ಬೆರೆಸುತ್ತಾರೆ. ಮಾಲೀಕರು ಒಬ್ಬ ನೌಕರನಿಗೆ ಒಂದು ಆರ್ಥಿಕ ವರ್ಷದಲ್ಲಿ 50,000 ರೂ. ಮೀರದಂತೆ ಕೊಟ್ಟ ಉಡುಗೊರೆಯನ್ನು ಪೂರೈಕೆ (ತೆರಿಗೆ ಬೀಳುವ ವಹಿವಾಟು) ಎಂದು ಪರಿಗಣಿಸುವುದಿಲ್ಲ ಎಂದು ಕಾಯ್ದೆಯ ಒಂದನೇ ಅನುಸೂಚಿ ಹೇಳುತ್ತದೆ. ಇದು ಕೊಡುವಾಗಿನ ತೆರಿಗೆಯಿಂದ ವಿನಾಯಿತಿ ಮಾತ್ರ. ಕೊಂಡಾಗಿನ ಕ್ರೆಡಿಟ್ ಪಡೆಯಲು ಪರವಾನಗಿಯಲ್ಲ. ಸರಕಾರ 2017ರ ಜುಲೈ 10ರ ಪ್ರಕಟಣೆಯಲ್ಲಿ, ಉಡುಗೊರೆ ಎಂದರೆ ಪ್ರತಿಫಲವಿಲ್ಲದೆ, ಸ್ವಇಚ್ಛೆಯಿಂದ, ಆಗೊಮ್ಮೆ ಈಗೊಮ್ಮೆ ಕೊಡುವಂಥದ್ದು, ನೌಕರನು ಹಕ್ಕಿನಿಂದ ಕೇಳಲಾಗದ್ದು ಎಂದು ವಿವರಿಸಿತ್ತು. ಪ್ರತಿ ವರ್ಷ ಕೊಡಲೇಬೇಕೆಂದು ನೇಮಕದ ಕರಾರಿನಲ್ಲಿ ಬರೆದುಕೊಟ್ಟಿದ್ದರೆ ಅದು ಸಂಬಳದ ಭಾಗವಾಗುತ್ತದೆಯೇ ಹೊರತು ಉಡುಗೊರೆಯಾಗುವುದಿಲ್ಲ. ಆದಾಯ ತೆರಿಗೆಯಲ್ಲಿ ನೌಕರರಿಗೆ ಬೇರೆಯೇ ಮಿತಿ ಇದೆ: ಸಂಸ್ಥೆಯಿಂದ ವರ್ಷದಲ್ಲಿ ಪಡೆದ ವಸ್ತು ರೂಪದ ಉಡುಗೊರೆಗಳ ಒಟ್ಟು ಮೌಲ್ಯ 5,000 ರೂ.ಗಿಂತ ಕಡಿಮೆಯಿದ್ದರೆ ಅದನ್ನು ಸೊನ್ನೆ ಎಂದು ಭಾವಿಸಲಾಗುತ್ತದೆ. ಕವರಿನಲ್ಲಿ ಇಟ್ಟುಕೊಟ್ಟ ನಗದಿಗೆ ಈ ಸವಲತ್ತಿಲ್ಲ. 500 ರೂಪಾಯಿಯ ಗಡಿಯಾರದ ಮಟ್ಟಿಗೆ ನಿಮ್ಮ ಕೆಲಸಗಾರರು ನಿಶ್ಚಿಂತರಾಗಿರಬಹುದು.

ಕ್ರೆಡಿಟ್ ಹಿಂದಿರುಗಿಸುವುದು ಹೇಗೆ? ಜಿಎಸ್‌ಟಿಆರ್-3ಬಿ ರಿಟರ್ನಿನ 4(ಬಿ)(1)ನೇ ಕೋಷ್ಟಕದಲ್ಲಿ, ಕಲಂ 17(5)ರ ಅಡಿ ತಡೆಹಿಡಿದ ಕ್ರೆಡಿಟ್ ಎಂದು, ಮುಂದೆ ಸಲ್ಲಿಸುವ ತಿಂಗಳಲ್ಲೇ ತೋರಿಸಿ. ಬಡ್ಡಿಯ ವಿಷಯದಲ್ಲಿ ನಿಮ್ಮ ಉದ್ಯಮಕ್ಕೆ ಒಂದು ಅನುಕೂಲವಿರಬಹುದು. ತಪ್ಪಾಗಿ ಪಡೆದ ಕ್ರೆಡಿಟನ್ನು ಬಳಸಿಯೂ ಇದ್ದರೆ ಮಾತ್ರ ಶೇ. 18ರ ಬಡ್ಡಿ, ಪಡೆದು ಖಾತೆಯಲ್ಲೇ ಬಿಟ್ಟಿದ್ದರೆ ಇಲ್ಲ. ನಿಯಮ 88ಬಿ ಪ್ರಕಾರ ಎಲೆಕ್ಟ್ರಾನಿಕ್ ಕ್ರೆಡಿಟ್ ಖಾತೆಯ ಉಳಿಕೆ ಈ 18,000 ರೂ.ಗಿಂತ ಕೆಳಗಿಳಿದಷ್ಟನ್ನು ಮಾತ್ರ ಬಳಸಿದಂತೆ ಎಣಿಸಬೇಕು. ಊದುಬತ್ತಿಗೆ ಶೇ. 5 ತೆರಿಗೆ, ಅದಕ್ಕೆ ಬೇಕಾದ ಸುಗಂಧ ದ್ರವ್ಯಕ್ಕೆ ಶೇ. 18, ಹೀಗಾಗಿ ಈ ಉದ್ಯಮದವರ ಖಾತೆಯಲ್ಲಿ ಕ್ರೆಡಿಟ್ ಜಮೆಯಾಗಿ ಉಳಿಯುವುದು ಸಾಮಾನ್ಯ. ಗಡಿಯಾರ ಕೊಂಡ ತಿಂಗಳಿಂದ ಇಂದಿನವರೆಗೆ ಉಳಿಕೆ ಎಂದೂ 18,000ಕ್ಕಿಂತ ಕೆಳಗೆ ಹೋಗಿಲ್ಲವಾದರೆ ಬಡ್ಡಿಯ ಪ್ರಶ್ನೆ ಏಳುವುದಿಲ್ಲ. ಆದರೆ ಇದೇ ದರ ವ್ಯತ್ಯಾಸದ ಕಾರಣಕ್ಕೆ ನೀವು ಮರುಪಾವತಿಗೆ ಅರ್ಜಿ ಹಾಕುವವರಾದರೆ, ಗಡಿಯಾರದ ಕ್ರೆಡಿಟ್ ಆ ಲೆಕ್ಕದೊಳಗೆ ಸೇರದಂತೆ ನೋಡಿಕೊಳ್ಳಿ. ಮರುಪಾವತಿ ಅರ್ಜಿಯ ಪರಿಶೀಲನೆಯಲ್ಲಿ ಖರೀದಿ ಬಿಲ್ಲುಗಳನ್ನು ನೋಡಿದಾಗ ಊದುಬತ್ತಿ ಕಾರ್ಖಾನೆಗೆ 200 ಗೋಡೆ ಗಡಿಯಾರ ಏಕೆ ಎಂಬ ಪ್ರಶ್ನೆ ಬರದೆ ಇರುವುದಿಲ್ಲ. ಹಿಂದಿನ ವರ್ಷಗಳಲ್ಲೂ ಇಂಥದ್ದೇ ಕ್ರೆಡಿಟ್ ಪಡೆದಿದ್ದರೆ ಡಿಆರ್‌ಸಿ-03 ನಮೂನೆಯಲ್ಲಿ ನೀವಾಗಿಯೇ ಕಟ್ಟಿಬಿಡುವುದು ಒಳ್ಳೆಯದು. ವಂಚನೆಯ ಆರೋಪವಿಲ್ಲದ ಪ್ರಕರಣಗಳಲ್ಲಿ ನೋಟಿಸ್ ಬರುವ ಮೊದಲೇ ತೆರಿಗೆ ಮತ್ತು ಬಡ್ಡಿ ಕಟ್ಟಿದವರಿಗೆ ದಂಡವಿಲ್ಲ.

ಹಿಂದಿರುಗಿಸಿದ 18,000 ರೂ. ಪೂರ್ತಿ ನಷ್ಟವೂ ಅಲ್ಲ. ಅದು ಗಡಿಯಾರದ ಖರ್ಚಿಗೆ ಸೇರಿ 1,18,000 ರೂ. ಆಗುತ್ತದೆ, ಅಷ್ಟನ್ನೂ ಆದಾಯ ತೆರಿಗೆಯಲ್ಲಿ ವ್ಯಾಪಾರದ ಖರ್ಚೆಂದು ತೋರಿಸಬಹುದು. ಇದಕ್ಕೆ ಯಾರಿಗೆ ಕೊಟ್ಟಿರಿ ಎಂಬ ಪಟ್ಟಿ ಬೇಕು, ಸಹಿಯಿದ್ದರೆ ಮತ್ತೂ ಒಳ್ಳೆಯದು. ಗಡಿಯಾರದ ಅಂಗಡಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟಿದ್ದರೆ ಆ ಖರ್ಚನ್ನು ಒಪ್ಪುವುದಿಲ್ಲ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯೇ ಆಗಬೇಕು. ಇನ್ನು, ಇನ್ನೂರರಲ್ಲಿ ಕೆಲವು ಪಾಲುದಾರರ ಮನೆಗಳ ಗೋಡೆ ಸೇರಿರುವುದೂ ಉಂಟು. ಅದು ಸ್ವಂತ ಬಳಕೆ. ಅದಕ್ಕೂ ಕ್ರೆಡಿಟ್ ಇಲ್ಲ, ಖರ್ಚನ್ನೂ ಪಾಲುದಾರರ ಖಾತೆಗೆ ಹಾಕಬೇಕು.

ಕೆಲವು ಆಡಿಟರುಗಳು ಇನ್ನೊಂದು ದಾರಿ ಸೂಚಿಸುತ್ತಾರೆ: ಕ್ರೆಡಿಟ್ ಪಡೆಯಿರಿ, ಕೊಡುವಾಗ ತೆರಿಗೆ ಕಟ್ಟಿ. ಕ್ರೆಡಿಟ್ ಪಡೆದ ವ್ಯಾಪಾರದ ಆಸ್ತಿಯನ್ನು ಶಾಶ್ವತವಾಗಿ ಬೇರೆಯವರಿಗೆ ಕೊಟ್ಟರೆ ಪ್ರತಿಫಲವಿಲ್ಲದಿದ್ದರೂ ಪೂರೈಕೆಯೇ ಎಂದು ಒಂದನೇ ಅನುಸೂಚಿಯ ಮೊದಲ ಅಂಶದಲ್ಲಿರುವುದು ಇದಕ್ಕೆ ಆಧಾರ. ಗಡಿಯಾರದಂಥ ಕೊಂಡು ಹಂಚುವ ವಸ್ತುವಿಗೆ ಇದರಿಂದ ಒಂದು ಪೈಸೆಯ ಲಾಭವೂ ಇಲ್ಲ, 200 ಬಿಲ್ಲು ಬರೆಯುವ ಕೆಲಸ ಮಾತ್ರ ಹೆಚ್ಚುತ್ತದೆ. ನಾನು ಇದನ್ನು ಶಿಫಾರಸು ಮಾಡುವುದಿಲ್ಲ.

ಈಗ ಹತ್ತಕ್ಕೊಂದು ಸ್ಕೀಮು. ಇದರ ಬಗ್ಗೆ ಕೇಂದ್ರ ಪರೋಕ್ಷ ತೆರಿಗೆಗಳ ಮಂಡಳಿ 2019ರ ಮಾರ್ಚ್ 7ರಂದು ಹೊರಡಿಸಿದ 92ನೇ ಸಂಖ್ಯೆಯ ಸುತ್ತೋಲೆ ನಿಮ್ಮ ಕೈಯಲ್ಲಿರಬೇಕಾದ ಕಾಗದ. ಒಂದು ಕೊಂಡರೆ ಒಂದು ಉಚಿತ ಎಂಬಂಥ ಸ್ಕೀಮಿನಲ್ಲಿ ಎರಡನೆಯದು ಮೇಲ್ನೋಟಕ್ಕೆ ಮಾತ್ರ ಉಚಿತ, ವಾಸ್ತವದಲ್ಲಿ ಒಂದರ ಬೆಲೆಗೆ ಎರಡನ್ನು ಮಾರಿದಂತೆ, ಹೀಗಾಗಿ ಕ್ರೆಡಿಟ್ ಪೂರ್ತಿ ಸಿಗುತ್ತದೆ ಎಂಬುದು ಅದರ ತಿರುಳು. ಅಂದರೆ ನಿಮ್ಮ ಹನ್ನೊಂದನೆಯ ಬಾಕ್ಸ್ ಉಡುಗೊರೆಯಲ್ಲ. ಬಾಕ್ಸಿಗೆ 600 ರೂ. ಎಂದಿಟ್ಟುಕೊಂಡರೆ, ಬಿಲ್ಲಿನಲ್ಲಿ 11 ಬಾಕ್ಸ್, 6,600 ರೂ. ಎಂದು ಬರೆದು, ಸ್ಕೀಮಿನ ರಿಯಾಯಿತಿ 600 ರೂ. ಕಳೆದು, ತೆರಿಗೆ ವಿಧಿಸಬೇಕಾದ ಮೌಲ್ಯ 6,000 ರೂ. ಎಂದು ತೋರಿಸಿ, ಅದರ ಮೇಲೆ ಶೇ. 5ರಂತೆ 300 ರೂ. ಹಾಕಿ. ಮಾರಾಟದ ಹೊತ್ತಿನಲ್ಲೇ ಕೊಟ್ಟು ಬಿಲ್ಲಿನಲ್ಲೇ ನಮೂದಿಸಿದ ರಿಯಾಯಿತಿಯನ್ನು ಕಲಂ 15(3)(ಎ) ಮೌಲ್ಯದಿಂದ ಹೊರಗಿಡುತ್ತದೆ. 11 ಬಾಕ್ಸೂ ಸ್ಟಾಕಿನಿಂದ ಬಿಲ್ಲಿನ ಮೂಲಕವೇ ಇಳಿಯುತ್ತವೆ, ಲೆಕ್ಕ ತಾಳೆಯಾಗುತ್ತದೆ.

ಸೊನ್ನೆಗೆ ಬರೆಯುವುದು ತಪ್ಪೇನಲ್ಲ, ಆದರೆ ಅಪಾಯಕರ. ಸೊನ್ನೆ ಬೆಲೆಯ ಸಾಲು ತನ್ನ ಮೇಲಿನ ಹತ್ತು ಬಾಕ್ಸಿಗೆ ಜೋಡಣೆಯಾಗಿದೆ ಎಂಬುದು ಬಿಲ್ಲಿನಲ್ಲಿ ಕಾಣದಿದ್ದರೆ, ಅದರಲ್ಲೂ ಉಚಿತ ಬಾಕ್ಸನ್ನು ಮುಂದಿನ ವಾರ ಬೇರೆ ಚಲನ್‌ನಲ್ಲಿ ಕಳುಹಿಸಿದ್ದರೆ, ಅದನ್ನು ಉಚಿತ ಮಾದರಿ ಎಂದು ಓದಲು ಅಧಿಕಾರಿಗೆ ಕಷ್ಟವಾಗದು. ಒಂದು ರೂಪಾಯಿಗೆ ಬರೆಯುವ ಪದ್ಧತಿಯನ್ನಂತೂ ಬಿಟ್ಟುಬಿಡಿ. ಬೆಲೆಯೊಂದೇ ಪ್ರತಿಫಲವಾಗಿದ್ದಾಗ ಮಾತ್ರ ಬಿಲ್ಲಿನ ಮೌಲ್ಯವನ್ನು ಒಪ್ಪಬೇಕೆಂದು ಕಲಂ 15(1) ಹೇಳುವುದರಿಂದ, 600 ರೂಪಾಯಿಯ ಬಾಕ್ಸಿಗೆ ಒಂದು ರೂಪಾಯಿ ಎಂಬ ಸಾಲು ಕ್ರೆಡಿಟ್ ಉಳಿಸಿಕೊಳ್ಳಲು ಹೂಡಿದ ಉಪಾಯವೆಂದು ತಾನೇ ಸಾರಿಕೊಳ್ಳುತ್ತದೆ. ಸ್ಕೀಮ್ ಆರಂಭವಾಗುವ ಮೊದಲೇ ಎಲ್ಲ ವಿತರಕರಿಗೂ ದಿನಾಂಕ, ಅವಧಿ, ಪ್ರಮಾಣ ಬರೆದ ಒಂದು ಪುಟದ ಪತ್ರ ಕಳುಹಿಸಿ, ಪ್ರತಿಯನ್ನು ಕಡತದಲ್ಲಿಡಿ. ಬಾಯಿಮಾತಿನ ಸ್ಕೀಮು ವ್ಯಾಪಾರಕ್ಕೆ ಸಾಕು, ತೆರಿಗೆಗೆ ಸಾಲದು.

ನೀವು ಕೇಳಿಲ್ಲ, ಆದರೂ ಹೇಳಬೇಕಾದ ಮಾತೊಂದಿದೆ. ಮುಂದಿನ ದಸರೆಗೆ ಹತ್ತು ಬಾಕ್ಸಿನ ಜೊತೆ ಊದುಬತ್ತಿ ಬಾಕ್ಸಿನ ಬದಲು ಗಡಿಯಾರವನ್ನೇ ಉಚಿತವೆಂದು ಘೋಷಿಸಿದರೆ ಕ್ರೆಡಿಟ್ಟಿನ ತೊಂದರೆ ನೀಗುತ್ತದೆ, ಆದರೆ ದರದ ತೊಂದರೆ ಹುಟ್ಟಿಕೊಳ್ಳುತ್ತದೆ. ಸಹಜವಾಗಿ ಒಟ್ಟಿಗೆ ಮಾರಾಟವಾಗದ ಸರಕುಗಳನ್ನು ಒಂದೇ ಬೆಲೆಗೆ ಕೊಟ್ಟರೆ ಅದು ಮಿಶ್ರ ಪೂರೈಕೆ. ಅವುಗಳಲ್ಲಿ ಅತಿ ಹೆಚ್ಚಿನ ದರ ಯಾವುದೋ ಅದೇ ಇಡೀ ಮೊತ್ತಕ್ಕೆ ಅನ್ವಯಿಸುತ್ತದೆ. ಊದುಬತ್ತಿ ಮತ್ತು ಗಡಿಯಾರ ಸೇರಿ 5,000 ರೂ. ಎಂದು ಬಿಲ್ಲು ಬರೆದರೆ ಎಲ್ಲಕ್ಕೂ ಶೇ. 18, ಅಂದರೆ 900 ರೂ. ತೆರಿಗೆ. ಅದೇ ಸರಕನ್ನು ಊದುಬತ್ತಿಗೆ 4,500, ಗಡಿಯಾರಕ್ಕೆ 500 ಎಂದು ಎರಡು ಸಾಲಿನಲ್ಲಿ ಬೇರೆ ಬೇರೆ ಬೆಲೆಗೆ ಮಾರಿದರೆ 225 ಮತ್ತು 90, ಒಟ್ಟು 315 ರೂ. ಈ ವಿಂಗಡಣೆ ಲೆಕ್ಕಕ್ಕಾಗಿ ಕಟ್ಟಿದ್ದಾಗಿರಬಾರದು. ಗಡಿಯಾರಕ್ಕೆ ನೀವು ಕೊಟ್ಟ ಬೆಲೆ ಬಿಲ್ಲಿನಲ್ಲಿ ಕಾಣಬೇಕು, ಊದುಬತ್ತಿಯ ದರಪಟ್ಟಿಯಲ್ಲಿ ಸ್ಕೀಮಿನ ಬೆಲೆ ಬೇರೆಯಾಗಿ ಇರಬೇಕು, ಯಾವುದೇ ಒಂದನ್ನು ಬೇಡವೆನ್ನುವ ಸ್ವಾತಂತ್ರ್ಯ ಕೊಳ್ಳುವವನಿಗೆ ಇರಬೇಕು.

ಮಾದರಿ ಪೊಟ್ಟಣಗಳು ನಿಮ್ಮದೇ ತಯಾರಿಕೆಯಾದ್ದರಿಂದ ಅವುಗಳ ಮಾರಾಟ ಬೆಲೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ. ಅವುಗಳಲ್ಲಿ ಸೇರಿರುವ ಕಚ್ಚಾ ಸಾಮಗ್ರಿಯ ಕ್ರೆಡಿಟನ್ನು ಹಿಂದಿರುಗಿಸಿದರಾಯಿತು. ಒಂದು ಬ್ಯಾಚಿನಲ್ಲಿ 10,000 ಪೊಟ್ಟಣ ತಯಾರಾಗಿ 300 ಮಾದರಿಗೆ ಹೋದರೆ, ಆ ಬ್ಯಾಚಿನ ಕಡ್ಡಿ, ಸುಗಂಧ, ಪೊಟ್ಟಣದ ಕಾಗದ ಇತ್ಯಾದಿಗಳ ಕ್ರೆಡಿಟ್ಟಿನಲ್ಲಿ ಶೇ. 3. ಮೇಲೆ ಹೇಳಿದ ಸುತ್ತೋಲೆ, ಮಾದರಿಗಾಗಿ ಬಳಕೆಯಾದಷ್ಟರ ಮಟ್ಟಿಗೆ ಸೇವೆ ಮತ್ತು ಬಂಡವಾಳ ಸರಕುಗಳ ಕ್ರೆಡಿಟ್ ಕೂಡ ಇಲ್ಲವೆನ್ನುತ್ತದೆ. ಕಾಯ್ದೆಯ ಕಲಂ ಸರಕಿನ ಬಗ್ಗೆ ಮಾತ್ರ ಮಾತನಾಡುವುದರಿಂದ ಇದು ಅತಿಯಾಯಿತೆಂದು ವಾದಿಸಲು ಅವಕಾಶವಿದೆಯಾದರೂ, ನಿಮ್ಮ ಪ್ರಮಾಣದಲ್ಲಿ ಆ ವಾದಕ್ಕೆ ತಗಲುವ ವೆಚ್ಚವೇ ಉಳಿಯುವ ತೆರಿಗೆಗಿಂತ ಹೆಚ್ಚಾದೀತು. ಹೊಸ ಪರಿಮಳದ ಮಾದರಿಯನ್ನು ಬಿಡಿಯಾಗಿ ಹಂಚುವ ಬದಲು ಮಾರುವ ಬಾಕ್ಸಿನೊಳಗೇ ಇಟ್ಟು, ಅದರ ಮೇಲೆ ಹಾಗೆಂದು ಮುದ್ರಿಸಿದರೆ ಅದು ಮಾರಾಟದ ಸರಕಿನ ಭಾಗವಾಗುತ್ತದೆ, ಹಿಂದಿರುಗಿಸುವ ತಾಪತ್ರಯವಿರುವುದಿಲ್ಲ.

ಬಿಡಿಯಾಗಿ ಕಳುಹಿಸುವ ಮಾದರಿಗೆ ತೆರಿಗೆ ಬಿಲ್ಲು ಬೇಡ, ನಿಯಮ 55ರ ಡೆಲಿವರಿ ಚಲನ್ ಸಾಕು. ಸಾಗಿಸುವ ಸರಕಿನ ಮೌಲ್ಯ 50,000 ರೂ. ಮೀರಿದರೆ, ಮೈಸೂರಿನಿಂದ ಮಂಡ್ಯದಷ್ಟು ಹತ್ತಿರಕ್ಕಾದರೂ, ಮಾರಾಟವಲ್ಲದಿದ್ದರೂ, ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ರಹದಾರಿ) ಬೇಕು. ಸ್ಟಾಕಿನ ಪುಸ್ತಕದಲ್ಲಿ ಉಡುಗೊರೆ ಮತ್ತು ಉಚಿತ ಮಾದರಿಯಾಗಿ ಹೋದದ್ದನ್ನು ಪ್ರತ್ಯೇಕವಾಗಿ ತೋರಿಸಬೇಕೆಂದು ನಿಯಮ 56(2) ಹೇಳುತ್ತದೆ. ಬಹುಪಾಲು ಸಣ್ಣ ಕಾರ್ಖಾನೆಗಳ ಪುಸ್ತಕದಲ್ಲಿ ಈ ಅಂಕಣವೇ ಇರುವುದಿಲ್ಲ. ಇಂದೇ ಸೇರಿಸಿ. ಈ ಪುಸ್ತಕಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಉಳಿಸಿಕೊಳ್ಳಬೇಕು.

ಕ್ಯಾಲೆಂಡರ್ ಮತ್ತು ಸ್ಟ್ಯಾಂಡ್ ಒಂದೇ ಬುಟ್ಟಿಗೆ ಸೇರುವ ವಸ್ತುಗಳಲ್ಲ. ಅಂಗಡಿಯಲ್ಲಿಟ್ಟ ಸ್ಟ್ಯಾಂಡ್ ನಿಮ್ಮ ಆಸ್ತಿಯಾಗಿಯೇ ಉಳಿದು, ಅಂಗಡಿಯವರು ನಿಮ್ಮ ಸರಕು ಮಾರುವುದನ್ನು ನಿಲ್ಲಿಸಿದರೆ ವಾಪಸು ಪಡೆಯುವಂತಿದ್ದರೆ, ಅದು ಉಡುಗೊರೆಯಲ್ಲ, ಕ್ರೆಡಿಟ್ ಉಂಟು. ಇದಕ್ಕೆ ಚಲನ್‌ನಲ್ಲಿ 'ಸಂಸ್ಥೆಯ ಸ್ವತ್ತು, ಹಿಂದಿರುಗಿಸತಕ್ಕದ್ದು' ಎಂಬ ಸಾಲು, ನಿಮ್ಮ ಆಸ್ತಿ ಪಟ್ಟಿಯಲ್ಲಿ ಅದರ ನಮೂದು ಇರಬೇಕು. ಮುಂದೆಂದಾದರೂ ಹಾಳಾಗಿ ಲೆಕ್ಕದಿಂದ ತೆಗೆದುಹಾಕಿದಾಗ ಅದೇ 17(5)(ಎಚ್) ಮತ್ತೆ ಎದುರಾಗುತ್ತದೆ ಎಂಬುದನ್ನು ನೆನಪಿಡಿ. ಕ್ಯಾಲೆಂಡರ್ ಹಾಗಲ್ಲ, ಕೊಟ್ಟಮೇಲೆ ಕೊಟ್ಟಂತೆ. ಹೆಸರು ಮುದ್ರಿಸಿದ ಕ್ಯಾಲೆಂಡರ್ ಜಾಹೀರಾತೇ ಹೊರತು ಉಡುಗೊರೆಯಲ್ಲ ಎಂಬ ವಾದ ನನಗೆ ತೀರಾ ಹುರುಳಿಲ್ಲದ್ದಾಗಿ ಕಾಣುವುದಿಲ್ಲ. ಆದರೆ ವ್ಯಾಪಾರಿಗಳ ತೆರಿಗೆ ಪ್ರಶ್ನೆಗಳಿಗೆ ಮೊದಲೇ ತೀರ್ಪು ಕೊಡುವ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ ಉಚಿತವಾಗಿ ಹಂಚುವ ಪ್ರಚಾರ ಸಾಮಗ್ರಿಯ ವಿಷಯದಲ್ಲಿ ವ್ಯಾಪಾರಿಗಳ ವಿರುದ್ಧವೇ ನಿಂತಿದೆ. ಅಂಥ ತೀರ್ಪು ಅರ್ಜಿದಾರರನ್ನೂ ಅವರ ವ್ಯಾಪ್ತಿಯ ಅಧಿಕಾರಿಯನ್ನೂ ಮಾತ್ರ ಬಂಧಿಸುತ್ತದೆ ಎಂಬುದು ನಿಜವಾದರೂ, ನಿಮ್ಮ ಅಧಿಕಾರಿಯೂ ಅದನ್ನೇ ಓದಿಕೊಂಡು ಬರುತ್ತಾರೆ. ಕ್ಯಾಲೆಂಡರಿನ ಕ್ರೆಡಿಟ್ ಬಿಟ್ಟುಬಿಡಿ. ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತಿನ ತೆರಿಗೆಗೆ ಕ್ರೆಡಿಟ್ ಪಡೆಯಲು ಯಾವ ಅಡ್ಡಿಯೂ ಇಲ್ಲ.

ಕೊನೆಯದಾಗಿ ಸ್ಕೂಟರ್, ಇಲ್ಲಿ ಜಿಎಸ್‌ಟಿಗಿಂತ ಆದಾಯ ತೆರಿಗೆಯ ಹೊರೆಯೇ ದೊಡ್ಡದು. 2022ರ ಜುಲೈ 1ರಿಂದ ಜಾರಿಯಲ್ಲಿರುವ ಕಲಂ 194ಆರ್ ಪ್ರಕಾರ, ವ್ಯಾಪಾರದ ಸಂಬಂಧದಿಂದ ಒಬ್ಬರಿಗೆ ವರ್ಷದಲ್ಲಿ 20,000 ರೂ. ಮೀರಿದ ಪ್ರಯೋಜನ ಕೊಟ್ಟರೆ ಶೇ. 10ರಷ್ಟು ಟಿಡಿಎಸ್ (ಕೊಡುವವರೇ ಮೂಲದಲ್ಲಿ ಕಡಿತ ಮಾಡುವ ತೆರಿಗೆ) ಆಗಬೇಕು. ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ದಾಟದವರಿಗೆ ಇದು ಅನ್ವಯಿಸದೆಂದು ನೀವು ಕೇಳಿರಬಹುದು. ಆ ವಿನಾಯಿತಿ ವ್ಯಕ್ತಿಗಳಿಗೆ ಮತ್ತು ಹಿಂದೂ ಅವಿಭಕ್ತ ಕುಟುಂಬಗಳಿಗೆ ಮಾತ್ರ. ನಿಮ್ಮದು ಪಾಲುದಾರಿಕೆ ಸಂಸ್ಥೆ, ವಹಿವಾಟು ಎಷ್ಟೇ ಸಣ್ಣದಿರಲಿ ಹೊಣೆ ತಪ್ಪದು. ಆಯುಧಪೂಜೆಯ 500 ರೂಪಾಯಿಯ ಗಡಿಯಾರವೂ ಅದೇ ವಿತರಕರ ವರ್ಷದ ಮೊತ್ತಕ್ಕೆ ಕೂಡುತ್ತದೆ. ಕೊಂಡ ಬೆಲೆಯೇ ಪ್ರಯೋಜನದ ಮೌಲ್ಯ, ಅದರಲ್ಲಿ ಜಿಎಸ್‌ಟಿ ಸೇರಿಸಬೇಕಿಲ್ಲ ಎಂದು ಪ್ರತ್ಯಕ್ಷ ತೆರಿಗೆಗಳ ಮಂಡಳಿಯ 2022ರ 12ನೇ ಸುತ್ತೋಲೆ ತಿಳಿಸುತ್ತದೆ. ಗಡಿಯಾರವನ್ನೂ ಸೇರಿಸಿ ಒಟ್ಟು 90,000 ರೂ. ಆಯಿತೆಂದುಕೊಳ್ಳೋಣ. ವಸ್ತುವಿನಿಂದ ಶೇ. 10 ಕತ್ತರಿಸಲಾಗದು. ಆದ್ದರಿಂದ ವಿತರಕರು 9,000 ರೂ. ಮುಂಗಡ ತೆರಿಗೆಯಾಗಿ ಕಟ್ಟಿದ ಚಲನ್ ತೋರಿಸಿದ ಮೇಲೆಯೇ ಕೀಲಿಕೈ ಕೊಡಬೇಕು. ಅದನ್ನೂ ನೀವೇ ಭರಿಸುವುದಾದರೆ ಆ ತೆರಿಗೆಯೂ ಅವರಿಗೆ ಪ್ರಯೋಜನವೇ ಆಗುವುದರಿಂದ ಕಟ್ಟಬೇಕಾದದ್ದು 10,000 ರೂ. ಪ್ಯಾನ್ ಕೊಡದವರಿಗೆ ದರ ಶೇ. 20.

ಇದರ ಮೇಲೆ ಸ್ಕೂಟರಿಗೆ ತೆತ್ತ ಶೇ. 18 ಜಿಎಸ್‌ಟಿ, ಒಂದಕ್ಕೆ ಸುಮಾರು 16,000 ರೂ., ಕ್ರೆಡಿಟ್ ಸಿಗದೆ ಖರ್ಚಾಗುತ್ತದೆ. ಗುರಿ ಮುಟ್ಟಿದವನಿಗೆ ಕೊಡಲೇಬೇಕಾದದ್ದು ಉಡುಗೊರೆ ಹೇಗಾದೀತು ಎಂದು 2017ರ ಪ್ರಕಟಣೆಯನ್ನೇ ಮುಂದಿಟ್ಟು ವಾದಿಸಿದವರಿದ್ದಾರೆ. ವಾದ ಗಟ್ಟಿಯಾಗಿದೆ, ಆದರೆ ಪ್ರಾಧಿಕಾರಗಳ ಮುಂದೆ ಅದಕ್ಕೆ ಮನ್ನಣೆ ಸಿಕ್ಕಿದ್ದು ಕಡಿಮೆ. ವಿತರಕರು ಕೂಡ ಸ್ಕೂಟರಿನ ಮೌಲ್ಯವನ್ನು ತಮ್ಮ ವ್ಯಾಪಾರದ ಆದಾಯವೆಂದು ತೋರಿಸಬೇಕು.

ನನ್ನ ಸಲಹೆ, ಆ 90,000 ರೂಪಾಯಿಯನ್ನು ವಾರ್ಷಿಕ ರಿಯಾಯಿತಿಯಾಗಿ ಕೊಡಿ. ಮಾರಾಟದ ರಿಯಾಯಿತಿಗೆ 194ಆರ್ ಅಡಿ ಟಿಡಿಎಸ್ ಮಾಡಬೇಕಿಲ್ಲವೆಂದು ಅದೇ ಸುತ್ತೋಲೆ ಸ್ಪಷ್ಟಪಡಿಸಿದೆ. ರಿಯಾಯಿತಿಯ ಷರತ್ತು ವರ್ಷಾರಂಭದ ಕರಾರಿನಲ್ಲೇ ಇದ್ದು, ಆಯಾ ಬಿಲ್ಲುಗಳಿಗೆ ಹೊಂದಿಸುವಂತಿದ್ದು, ವಿತರಕರು ತಮ್ಮ ಕ್ರೆಡಿಟ್ಟನ್ನು ಅಷ್ಟರ ಮಟ್ಟಿಗೆ ಹಿಂದಿರುಗಿಸಿದರೆ, ಕಲಂ 34ರ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ತಗ್ಗಿಸುವ ಪತ್ರ) ಬರೆದು ಶೇ. 5ರಂತೆ 4,500 ರೂ. ತೆರಿಗೆಯನ್ನೂ ಕಡಿಮೆ ಮಾಡಿಕೊಳ್ಳಬಹುದು. ಇದನ್ನು ಮಾರಾಟದ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ರಿಟರ್ನಿನಲ್ಲಿ ತೋರಿಸಬೇಕು. ಕರಾರು ಇಲ್ಲದಿದ್ದರೆ ಜಿಎಸ್‌ಟಿ ಮುಟ್ಟದ ವಾಣಿಜ್ಯ ಕ್ರೆಡಿಟ್ ನೋಟ್ ಕೊಡಿ. ನೀವು ಪೂರ್ತಿ ತೆರಿಗೆ ಕಟ್ಟಿರುವುದರಿಂದ ವಿತರಕರ ಕ್ರೆಡಿಟ್ಟಿಗೆ ಧಕ್ಕೆಯಿಲ್ಲ. ಆ ಹಣದಲ್ಲಿ ಅವರು ಸ್ಕೂಟರ್ ಕೊಳ್ಳಲಿ, ಬಿಡಲಿ.

ಮಾತು ಕೊಟ್ಟಾಗಿದೆ, ವೇದಿಕೆಯ ಮೇಲೆ ಕೀಲಿಕೈಯನ್ನೇ ಕೊಡಬೇಕು ಎನ್ನುವುದಾದರೆ, ವಾಹನದ ಬಿಲ್ಲು ವಿತರಕರ ಹೆಸರಿನಲ್ಲಿ ಮತ್ತು ಪಾವತಿ ನಿಮ್ಮ ಬ್ಯಾಂಕ್ ಖಾತೆಯಿಂದ ಆಗಲಿ, ಟಿಡಿಎಸ್ ಕಟ್ಟಲು ಬೇಕಾದ ಟ್ಯಾನ್ ಸಂಖ್ಯೆ ಇಲ್ಲದಿದ್ದರೆ ಈಗಲೇ ಪಡೆಯಿರಿ. ಮಾರ್ಚ್ ತಿಂಗಳಲ್ಲಿ ಕೊಟ್ಟರೆ ತೆರಿಗೆಯನ್ನು ಏಪ್ರಿಲ್ 30ರೊಳಗೆ ಕಟ್ಟಿ, ಮೇ 31ರೊಳಗೆ 26ಕ್ಯೂ ಎಂಬ ಟಿಡಿಎಸ್ ವಿವರಣಪತ್ರ ಸಲ್ಲಿಸಬೇಕು. ಸಮಾರಂಭವನ್ನು 2026ರ ಏಪ್ರಿಲ್ 1ರ ನಂತರಕ್ಕೆ ಇಟ್ಟುಕೊಂಡರೆ ಆದಾಯ ತೆರಿಗೆ ಕಾಯ್ದೆ 2025 ಅನ್ವಯಿಸುತ್ತದೆ. ಕಲಂ ಸಂಖ್ಯೆ ಬದಲಾಗುತ್ತದೆಯೇ ಹೊರತು ಟಿಡಿಎಸ್ ಹೊಣೆ ಹಾಗೆಯೇ ಇರುತ್ತದೆ.